ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅಡಗಿರೋ ಹಳೇ ವಿಳಾಸ ಪಟ್ಟಿ

ಈ ಎಪಿಸೋಡ್ ಹುಟ್ಟಿದ್ದೇ ನನ್ನ ಒಂದು ತಪ್ಪಿನಿಂದ.

ಹಳೇ ವೆಬ್‌ಸೈಟ್‌ಗೆ ದುಡ್ಡು ಕಟ್ಟೋದು ಮರೆತಿದ್ದೆ. ಸೈಟ್ ಹೋಯ್ತು, ಜೊತೆಗೆ ನಮ್ಮ ಮೊದಲ 11 ಸಂಚಿಕೆಗಳೂ ಹೋದವು. ಬ್ಯಾಕಪ್ ಇರಲಿಲ್ಲ. ಬಿಕಾಂ ಓದಿದವನು, ಲೆಕ್ಕ ಇಡೋದು ಗೊತ್ತಿರಬೇಕಿತ್ತು! ಅದಕ್ಕೇ ಈ ಸಲ ಹೊಸ ಸೈಟನ್ನ ಮೊದಲು ನನ್ನ ಲ್ಯಾಪ್‌ಟಾಪ್‌ನಲ್ಲೇ ನಿಲ್ಲಿಸೋಣ ಅಂತ ಅಪಾಚೆ ಸರ್ವರ್ ಹಾಕಿದೆ. ರಾತ್ರಿ ಹನ್ನೆರಡಕ್ಕೆ ಬ್ರೌಸರ್‌ನಲ್ಲಿ ಹೆಸರು ಹೊಡೆದರೆ ತೆರೆದದ್ದು ತಂಗಿಯ ಕಾಲೇಜ್ ಪ್ರಾಜೆಕ್ಟ್.

ಯಾಕೆ ಅಂತ ಹುಡುಕ್ತಾ ಹೋದವನು ಅರ್ಪಾನೆಟ್ ಕಾಲಕ್ಕೇ ತಲುಪಿದೆ.

ಲ್ಯಾಪ್‌ಟಾಪ್‌ನಲ್ಲಿ ಸೈಟ್ ನಡೆಸೋರು ಮೊದಲು ಮುಟ್ಟೋದು 'ಹೋಸ್ಟ್ಸ್' ಅನ್ನೋ ಪುಟ್ಟ ಫೈಲನ್ನ. ಈ ಹೆಸರಿಗೆ ಈ ನಂಬರ್, ಅಷ್ಟೇ ಅದರಲ್ಲಿ ಇರೋದು. 1970ರ ದಶಕದಲ್ಲಿ ಇಡೀ ನೆಟ್‌ವರ್ಕ್‌ಗೆ ಇಂಥದ್ದೇ ಒಂದು ಪಟ್ಟಿ ಇತ್ತು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನ ನೋಡಿಕೊಳ್ತಿತ್ತು. ಹೊಸ ಕಂಪ್ಯೂಟರ್ ಸೇರಿಸಬೇಕಾ? ಆಫೀಸ್ ಟೈಮ್‌ನಲ್ಲಿ ಅವರಿಗೆ ಫೋನ್ ಮಾಡಬೇಕು. ಉಳಿದವರು ಆಗಾಗ ಆ ಫೈಲನ್ನ ಇಳಿಸಿಕೊಳ್ಳಬೇಕು. ನಮ್ಮ ತಾಲ್ಲೂಕು ಕಚೇರಿ ಖಾತೆ ಪುಸ್ತಕ ನೆನಪಾಯ್ತಾ? ನನಗಂತೂ ಆಯ್ತು.

ನೆಟ್‌ವರ್ಕ್ ಬೆಳೆದಂತೆ ಒಂದೇ ಪಟ್ಟಿ ಸಾಲದಾಯ್ತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು, ಹೆಸರು ಹುಡುಕೋ ಕೆಲಸ ಸಾವಿರಾರು ಸರ್ವರ್‌ಗಳಿಗೆ ಹಂಚಿಹೋಯ್ತು. ಆದರೂ ಹಳೇ ಫೈಲನ್ನ ಯಾರೂ ಎಸೆಯಲಿಲ್ಲ. ಇವತ್ತಿಗೂ ಸಾಮಾನ್ಯವಾಗಿ ಕಂಪ್ಯೂಟರ್ ಮೊದಲು ಅದನ್ನೇ ನೋಡುತ್ತೆ. ಅದರಲ್ಲಿ ನನ್ನ ಸೈಟ್ ಹೆಸರಿನ ಮುಂದೆ 127.0.0.1 ಅಂತ ಬರೆದರೆ ವಿನಂತಿ ಮನೆಯಿಂದ ಹೊರಗೇ ಹೋಗಲ್ಲ. ಅಂದಹಾಗೆ, ಹೀಗೆ ತನ್ನೊಳಗೇ ಮಾತಾಡಿಕೊಳ್ಳೋಕೆ ಅಂತ 127ರಿಂದ ಶುರುವಾಗೋ ಸುಮಾರು 1 ಕೋಟಿ 67 ಲಕ್ಷ ವಿಳಾಸಗಳನ್ನ ಮೀಸಲಿಟ್ಟಿದ್ದಾರೆ. ಬಹುತೇಕ ಎಲ್ಲರೂ ಬಳಸೋದು ಒಂದೇ ಒಂದನ್ನ. ನಮ್ಮ ಭಾಷೆಯಲ್ಲಿ ಇದು ಡೆಡ್ ಸ್ಟಾಕ್.

ಸರಿ, ನನ್ನ ಹೋಸ್ಟ್ಸ್ ಫೈಲ್ ಸರಿಯಾಗೇ ಇತ್ತು. ಹಾಗಾದ್ರೆ ತಂಗಿ ಪುಟ ಯಾಕೆ ಬಂತು?

ಒಂದು ವಠಾರ ಅಂದ್ಕೊಳ್ಳಿ. ಹತ್ತು ಮನೆ, ಗೇಟಿಗೆ ಒಂದೇ ನಂಬರ್. ಪತ್ರದ ಮೇಲೆ ಹೆಸರೇ ಇಲ್ಲದಿದ್ದರೆ ಪೋಸ್ಟ್‌ಮ್ಯಾನ್ ಏನು ಮಾಡ್ತಾನೆ? ಮೊದಮೊದಲು ವೆಬ್ ಹಾಗೇ ಇತ್ತು. ಬ್ರೌಸರ್ ಪುಟ ಕೇಳ್ತಿತ್ತು, ಯಾವ ಸೈಟ್ ಅಂತ ಹೇಳ್ತಿರಲಿಲ್ಲ. ಹಾಗಾಗಿ ಪ್ರತಿ ಸೈಟ್‌ಗೂ ಬೇರೆ ಐಪಿ ವಿಳಾಸ ಬೇಕಿತ್ತು. 1997ರ ಜನವರಿಯಲ್ಲಿ ಬಂದ ಎಚ್‌ಟಿಟಿಪಿ 1.1 'ಹೋಸ್ಟ್' ಅನ್ನೋ ಒಂದು ಸಾಲನ್ನ ಕಡ್ಡಾಯ ಮಾಡಿತು. ಅಗ್ಗದ ಹೋಸ್ಟಿಂಗ್ ನಮ್ಮಂಥವರ ಕೈಗೆ ಸಿಕ್ಕಿದ್ದರ ಹಿಂದೆ ಆ ಒಂದು ಸಾಲಿನ ಪಾಲು ದೊಡ್ಡದು ಅಂತ ನನ್ನ ಲೆಕ್ಕ.

ಆ ಹೆಸರು ಯಾವ ಮನೆಗೂ ಹೊಂದದಿದ್ದರೆ ಅಪಾಚೆ ಪತ್ರವನ್ನ ವಾಪಸ್ ಕಳಿಸಲ್ಲ, ಮೊದಲ ಮನೆಗೆ ಕೊಟ್ಟುಬಿಡುತ್ತೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಮೊದಲ ಮನೆ ತಂಗಿಯದು. ಸರ್ವರ್‌ನೇಮ್ ಸಾಲಿನಲ್ಲಿ ನಾನು ಒಂದಕ್ಷರ ಬಿಟ್ಟಿದ್ದೆ.

ಸರಿಮಾಡಿ ರೀಲೋಡ್ ಕೊಟ್ಟೆ, ಸೈಟ್ ಬಂತು. ಆ 11ರಲ್ಲಿ ನಾಲ್ಕು ಸಂಚಿಕೆ ಗೆಳೆಯನ ಹಳೇ ಫೋನ್‌ನಲ್ಲಿ ಸಿಕ್ಕಿವೆ, ಅವನ್ನೇ ಮೊದಲು ಏರಿಸಿದೆ. ಉಳಿದ ಏಳು ಯಾರಾದ್ರೂ ಡೌನ್‌ಲೋಡ್ ಮಾಡಿಟ್ಟುಕೊಂಡಿದ್ರೆ ದಯವಿಟ್ಟು ಕಳಿಸಿ.