ಸಾದೃಶ್ಯವೂ ಸಗೋತ್ರತ್ವವೂ

ಸಂಜಯನಗರಕ್ಕೆ ನೆರೆಯದಾದ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು; ಕ್ರಿ.ಶ. 750ರ ಸುಮಾರಿನದು. ಅದರಲ್ಲಿ ಕಾಣುವ ಪೆರ್ಬೊಳಲ್‌ನಾಡೆಂಬ ಹೆಸರಿನ ಆದಿ ಪಕಾರವು ಇಂದಿನ ಹೆಬ್ಬಾಳದಲ್ಲಿ ಹಕಾರವಾಗಿ ನಿಂತಿದೆ. ಇಂತಹ ವಿಕಾರಗಳಿಂದ ಭಾಷೆಗಳ ಬಾಂಧವ್ಯವನ್ನು ಎಷ್ಟರಮಟ್ಟಿಗೆ ನಿರ್ಣಯಿಸಬಹುದೆಂಬುದು ವಿಚಾರಾರ್ಹವಾದುದು.

ಈ ಪ್ರಶ್ನೆಗೆ ಜೀವಶಾಸ್ತ್ರದಲ್ಲಿ ಒಳ್ಳೆಯ ನಿದರ್ಶನವುಂಟು. 1859ರಲ್ಲಿ ಪ್ರಕಟವಾದ ಡಾರ್ವಿನ್ನನ ಗ್ರಂಥದಲ್ಲಿದ್ದ ಏಕಮಾತ್ರ ಚಿತ್ರವು ಕವಲೊಡೆಯುವ ವಂಶರೇಖೆಯದು. ಆ ಕವಲುಗಳನ್ನು ಗುರುತಿಸುವ ನಿಯಮವನ್ನು ಜರ್ಮನಿಯ ವಿಲ್ಲಿ ಹೆನ್ನಿಗ್ 1950ರಲ್ಲಿ ಪ್ರತಿಪಾದಿಸಿದನು. ಮೂಲದಿಂದ ಉಳಿದುಬಂದ ಲಕ್ಷಣವು ಬಾಂಧವ್ಯಕ್ಕೆ ಸಾಕ್ಷಿಯಲ್ಲ. ಒಂದೇ ಪೂರ್ವಜನಲ್ಲಿ ಹೊಸದಾಗಿ ಹುಟ್ಟಿ ಸಂತತಿಗೆ ಇಳಿದ ಲಕ್ಷಣವೇ ಸಾಕ್ಷಿ. ಹೀಗೆ ರಚಿತವಾದ ಶಾಖಾಚಿತ್ರವೇ ಕ್ಲಾಡೋಗ್ರಾಮ್. ಮೊಸಳೆಯು ನೋಟಕ್ಕೆ ಹಲ್ಲಿಯಂತಿದ್ದರೂ ವಂಶದಲ್ಲಿ ಹಕ್ಕಿಗೇ ಸಮೀಪವಾದುದು. ಬಾವಲಿಗೂ ಹಕ್ಕಿಗೂ ರೆಕ್ಕೆಗಳಿದ್ದರೂ ಅವು ಬೇರೆಬೇರೆಯಾಗಿಯೇ ಉಂಟಾದವು. ಸಾದೃಶ್ಯಮಾತ್ರವು ನೈಯಾಯಿಕರು ಹೇಳುವ ಸವ್ಯಭಿಚಾರ ಹೇತುವೆಂಬುದು ಇದರಿಂದ ಸ್ಪಷ್ಟ.

ಈ ನಿಯಮವನ್ನು ದ್ರಾವಿಡಭಾಷೆಗಳಿಗೆ ಅನ್ವಯಿಸಿ ನೋಡಬಹುದು. ಕನ್ನಡದ 'ಕಿವಿ'ಗೆ ತಮಿಳು ತೆಲುಗುಗಳೆರಡರಲ್ಲಿಯೂ 'ಚೆವಿ' ಎಂದಿರುವುದರಿಂದ ಅವೆರಡೂ ಒಡಹುಟ್ಟಿದವೆಂದೂ ಕನ್ನಡವು ದೂರದ್ದೆಂದೂ ತೋರುವುದು ಸಹಜ. ಆದರೆ 'ಕೆಡು' ಧಾತುವು ತೆಲುಗಿನಲ್ಲಿ 'ಚೆಡು' ಆಗಿರಲು, ತಮಿಳಿನಲ್ಲಿ ಕಕಾರವೇ ಉಳಿದಿದೆ. ಮೂರ್ಧನ್ಯವು ಪರವಾದಾಗ ತಮಿಳಿನಲ್ಲಿ ಈ ವಿಕಾರವಿಲ್ಲ. ಎರಡು ಭಾಷೆಗಳ ವಿಕಾರಗಳಿಗೂ ನಿಮಿತ್ತಗಳು ಭಿನ್ನವಾದುದರಿಂದ ಅವು ಸ್ವತಂತ್ರವಾಗಿ ನಡೆದವೆನ್ನಬೇಕು. ಕನ್ನಡದಲ್ಲಿ ಕಕಾರವು ಉಳಿದುದು ಪ್ರಾಚೀನತೆಯ ಶೇಷವಷ್ಟೇ. ಹೆಬ್ಬಾಳದ ಹಕಾರವಾದರೋ ಕನ್ನಡದ ಒಳಗೇ ಆದ ಬದಲಾವಣೆ. ಅದರಿಂದ ನೆಂಟಸ್ತಿಕೆ ಸಿದ್ಧಿಸದು. ನಿರ್ಣಾಯಕವಾದುದು 'ಅವಳ್' ಎಂಬ ರೂಪ. ಹಳಗನ್ನಡ, ತಮಿಳು, ಮಲಯಾಳಗಳಲ್ಲಿ ಸ್ತ್ರೀಗೆ ಈ ಪ್ರತ್ಯೇಕ ಸರ್ವನಾಮವುಂಟು. ತೆಲುಗಿನ 'ಅದಿ' ಸ್ತ್ರೀಗೂ ಜಡವಸ್ತುವಿಗೂ ಸಮಾನ. ಭದ್ರಿರಾಜು ಕೃಷ್ಣಮೂರ್ತಿಗಳು ಮೊದಲಿನದನ್ನು ನೂತನ ಸೃಷ್ಟಿಯೆಂದು ಗಣಿಸಿ, ಕನ್ನಡ ತಮಿಳುಗಳನ್ನು ದಕ್ಷಿಣಶಾಖೆಯಲ್ಲಿಯೂ ತೆಲುಗನ್ನು ದಕ್ಷಿಣಮಧ್ಯ ಶಾಖೆಯಲ್ಲಿಯೂ ಇರಿಸಿದ್ದಾರೆ. 2018ರಲ್ಲಿ ಜೀವಶಾಸ್ತ್ರದ ಗಣನಾವಿಧಾನದಿಂದ 20 ದ್ರಾವಿಡಭಾಷೆಗಳನ್ನು ಪರಿಶೀಲಿಸಿದ ವಿದ್ವಾಂಸರು ಈ ಕುಲದ ವಯಸ್ಸನ್ನು ಸುಮಾರು 4500 ವರ್ಷಗಳೆಂದು ಅಂದಾಜು ಮಾಡಿದರು.

ಲಿಪಿಯ ಕಥೆಯಾದರೋ ಬೇರೆ. ಕನ್ನಡ ತೆಲುಗು ಲಿಪಿಗಳು ಒಂದೇ ಲಿಪಿಯಿಂದ ಕವಲೊಡೆದ ಸೋದರಿಯರು. ತಮಿಳು ಲಿಪಿ ಬೇರೊಂದು ಕವಲಿನದು. ಅಕ್ಷರದ ವಂಶವೃಕ್ಷವನ್ನು ನುಡಿಯ ವಂಶವೃಕ್ಷವೆಂದು ಭ್ರಮಿಸಿ, ಕನ್ನಡ ತೆಲುಗುಗಳನ್ನು ಅವಳಿ ಭಾಷೆಗಳೆಂದು ಪಾಠ ಹೇಳುವುದು ಯುಕ್ತವಲ್ಲ. ಕಲ್ಲಿನ ಮೇಲಿನ ಒಂದೇ ಸಾಲಿನಲ್ಲಿ ಎರಡು ವಂಶಗಳ ಚರಿತ್ರೆಯಿದೆ. ಅವನ್ನು ಬೇರ್ಪಡಿಸಿ ಓದುವುದೇ ಸಂಶೋಧಕನ ಕರ್ತವ್ಯ.