ಮೊಗಲ್ ಗ್ರಂಥಾಲಯವೂ ಆಗ್ರಾದ ವಿಜ್ಞಪ್ತಿಪತ್ರವೂ

ಪಶ್ಚಿಮ ಭಾರತದ ಜೈನ ಸಚಿತ್ರ ಹಸ್ತಪ್ರತಿಗಳು ಮೊಗಲ್ ಆಸ್ಥಾನದ ಸಂಪರ್ಕದಿಂದ ತಮ್ಮ ತನವನ್ನು ಕಳೆದುಕೊಂಡವೆಂಬ ಭಾವನೆಯೊಂದುಂಟು. ಕೆನ್ನೆಯ ರೇಖೆಯನ್ನು ದಾಟಿ ಹೊರಚಾಚುವ ಕಣ್ಣು ಮರೆಯಾದುದೇ ಇದಕ್ಕೆ ಮುಖ್ಯ ಆಧಾರ. ಈ ಅಭಿಪ್ರಾಯವು ಪುನರ್ವಿಮರ್ಶೆಗೆ ಅರ್ಹವೆಂದು ನಮಗೆ ತೋರುತ್ತದೆ.

ಅಕ್ಬರನ ಗ್ರಂಥಾಲಯವು ಬರಿಯ ಪುಸ್ತಕರಾಶಿಯಾಗಿರಲಿಲ್ಲ. ಅವನು 1605ರಲ್ಲಿ ಮರಣಹೊಂದಿದಾಗ ಅಲ್ಲಿ 24,000 ಗ್ರಂಥಗಳಿದ್ದುವೆಂದು ಹೇಳಲಾಗಿದೆ. ಲಿಪಿಕಾರರೂ ಚಿತ್ರಕಾರರೂ ಅದರ ಆಶ್ರಯದಲ್ಲಿದ್ದರು. ಚಿತ್ರಗಳನ್ನು ವಾರಕ್ಕೊಮ್ಮೆ ಬಾದಶಹನ ಮುಂದಿಡುತ್ತಿದ್ದರೆಂಬುದು ಐನ್-ಇ-ಅಕ್ಬರಿಯಿಂದ ತಿಳಿಯುತ್ತದೆ. ಆ ಸಂಗ್ರಹದಲ್ಲಿ ಜೈನ ಗ್ರಂಥಗಳೂ ಇದ್ದುವು. ನಾಗಪುರೀಯ ತಪಾಗಚ್ಛದ ಪದ್ಮಸುಂದರನು ಗತಿಸಿದ ಬಳಿಕ ಅವನ ಪುಸ್ತಕಗಳು ಅರಮನೆಯಲ್ಲಿಯೇ ಉಳಿದಿದ್ದುವು. ಹೀರವಿಜಯಸೂರಿಗಳು 1583ರಲ್ಲಿ ಫತೇಪುರ ಸಿಕ್ರಿಗೆ ಬಂದಾಗ ಅಕ್ಬರನು ಅವನ್ನು ಅವರಿಗೆ ಅರ್ಪಿಸಿದನು. ಸೂರಿಗಳು ಮೊದಲು ಒಲ್ಲೆನೆಂದರು. ಒತ್ತಾಯದ ಮೇಲೆ ಸ್ವೀಕರಿಸಿ ಆಗ್ರಾದ ಭಂಡಾರದಲ್ಲಿ ಇರಿಸಿದರು.

ಅದೇ ಆಗ್ರಾದ ಸಂಘವು ವಿ. ಸಂ. 1667ರಲ್ಲಿ, ಎಂದರೆ ಕ್ರಿ. ಶ. 1610ರಲ್ಲಿ, ವಿಜಯಸೇನಸೂರಿಗಳಿಗೆ ಕಳುಹಿದ ವಿಜ್ಞಪ್ತಿಪತ್ರವು ಇಲ್ಲಿ ಪ್ರಮುಖ ಪ್ರಮಾಣ. ಮುನಿ ಪುಣ್ಯವಿಜಯರ ಸಂಗ್ರಹದ ಮೂಲಕ ಅದು ಅಹಮದಾಬಾದಿನ ಲಾಲಭಾಯಿ ದಲಪತಭಾಯಿ ವಿದ್ಯಾಮಂದಿರವನ್ನು ಸೇರಿತು. ಪರ್ಯುಷಣದ ದಿನಗಳಲ್ಲಿ ಪ್ರಾಣಿವಧೆಯನ್ನು ನಿಷೇಧಿಸಿ ಜಹಾಂಗೀರನು ಹೊರಡಿಸಿದ ಫರ್ಮಾನಿನ ಪ್ರಸಂಗವೇ ಅದರ ವಸ್ತು. ಬಾದಶಹನ ಒಡ್ಡೋಲಗ, ರಾಜಕುಮಾರ ಖುರ್ರಮ್, ರಾಜಾ ರಾಮದಾಸ, ವಿವೇಕಹರ್ಷ ಮತ್ತು ಉದಯಹರ್ಷರು ಅಲ್ಲಿ ಚಿತ್ರಿತರಾಗಿದ್ದಾರೆ. ಹೆಸರುಗಳನ್ನೂ ಪಕ್ಕದಲ್ಲಿ ಬರೆದಿದೆ. ಚಿತ್ರಕಾರ ಉಸ್ತಾದ್ ಶಾಲಿವಾಹನನು ಬಾದಶಾಹೀ ಚಿತ್ರಕಾರ. ಆ ಸಮಯದಲ್ಲಿ ಕಂಡದ್ದನ್ನು ಕಂಡಂತೆಯೇ ಬರೆದನೆಂಬ ಉಲ್ಲೇಖವು ಪತ್ರದಲ್ಲಿಯೇ ಇದೆ. ಕಲ್ಪಸೂತ್ರದ ಚಿತ್ರಕಾರನಿಗೆ ಇಂತಹ ಮಾತಿನ ಅಗತ್ಯವಿರಲಿಲ್ಲ; ಅವನು ಬರೆಯುತ್ತಿದ್ದುದು ಪರಂಪರೆಯಿಂದ ಬಂದ ರೂಪವನ್ನು. ಇಲ್ಲಿ ಸಂಘಕ್ಕೆ ಬೇಕಾಗಿದ್ದುದು ಸಾಕ್ಷ್ಯ. ಫರ್ಮಾನು ನಿಜವಾಗಿ ದೊರೆತುದನ್ನು ದೂರದ ಸೌರಾಷ್ಟ್ರದಲ್ಲಿದ್ದ ಆಚಾರ್ಯರಿಗೆ ಕಾಣಿಸಬೇಕಾಗಿದ್ದಿತು. ಅದಕ್ಕೆ ವ್ಯಕ್ತಿಯ ಮುಖವನ್ನು ಗುರುತಿಸಿ ಬರೆಯಬಲ್ಲ ಅರಮನೆಯ ಕೈಯೇ ಬೇಕು. ಆದುದರಿಂದ ಇದನ್ನು ಶೈಲಿಯ ಪತನವೆನ್ನುವುದಕ್ಕಿಂತ ಶ್ರಾವಕರು ತಿಳಿದೇ ಮಾಡಿದ ಆಯ್ಕೆ ಎನ್ನುವುದು ಯುಕ್ತ.

ಶಾಲಿವಾಹನನೇ 1624ರಲ್ಲಿ ಮತಿಸಾರನ ಶಾಲಿಭದ್ರ ಚೌಪಾಈಗೂ ಚಿತ್ರಗಳನ್ನು ಬರೆದನು. ಅಲ್ಲಿ ಶ್ರೇಣಿಕನ ಕಾಲದ ರಾಜಗೃಹವು ಮೊಗಲ್ ಉಡುಪನ್ನು ತೊಟ್ಟಿದೆ. ತನ್ನ ಮೇಲೆಯೂ ಒಬ್ಬ ಒಡೆಯನಿದ್ದಾನೆಂದು ಅರಿತೊಡನೆ ವಿರಕ್ತನಾದ ಶ್ರೇಷ್ಠಿಪುತ್ರನ ಕಥೆಯನ್ನು ಬರೆದವನು ಬಾದಶಹನ ಚಿತ್ರಕಾರನೇ!