ಬಳ್ಳಾರಿಯಲ್ಲಿ ಒಂದು ರಾತ್ರಿ

ಮುಂಬೈಯಿಂದ ಚೆನ್ನೈಗೆ ಆಕಾಶಮಾರ್ಗದಲ್ಲಿ ಸುಮಾರು 1,030 ಕಿಲೋಮೀಟರ್. ಇಂದಿನ ಜೆಟ್ ವಿಮಾನಕ್ಕೆ ಹೆಚ್ಚೆಂದರೆ ಎರಡು ಗಂಟೆಯ ಹಾದಿ. 1932ರಲ್ಲಿ ಇದೇ ದೂರಕ್ಕೆ ಎರಡು ದಿನ ಹಿಡಿಯುತ್ತಿತ್ತು. ನಡುವಿನ ರಾತ್ರಿ ಕಳೆಯುತ್ತಿದ್ದದ್ದು ನಮ್ಮ ಬಳ್ಳಾರಿಯಲ್ಲಿ!

ಆ ವರ್ಷದ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಪುಸ್ ಮಾತ್ ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಟಪಾಲು ಹೇರಿಕೊಂಡು ಕರಾಚಿಯಿಂದ ಹೊರಟರು. ಅಹಮದಾಬಾದಿನಲ್ಲಿ ಇಳಿದು, ಮಧ್ಯಾಹ್ನದ ಹೊತ್ತಿಗೆ ಮುಂಬೈಯ ಜುಹೂ ತಲುಪಿದರು. ಇಷ್ಟು ಕಥೆ ಎಲ್ಲರಿಗೂ ಗೊತ್ತು. ಉಳಿದರ್ಧವನ್ನು ಹೇಳುವವರು ಕಡಿಮೆ. ಮದರಾಸಿನ ಟಪಾಲನ್ನು ಜುಹೂವಿನಿಂದ ಮುಂದಕ್ಕೆ ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ಈ ಟಪಾಲು ವಿಮಾನದ ಯೋಜನೆ ಮೊದಲು ಹೊಳೆದದ್ದೂ ಅವರಿಗೇ. ಸಂಜೆಗೆ ಬಳ್ಳಾರಿ, ಮರುದಿನ ಮದರಾಸು.

ರಾತ್ರಿ ಹಾರುವಂತಿರಲಿಲ್ಲ. ನೆಲದ ಮೇಲೆ ದಾರಿ ತೋರುವ ದೀಪವಿಲ್ಲ, ವಿಮಾನದೊಳಗೆ ರೇಡಿಯೋ ಇಲ್ಲ. (ರೇಡಿಯೋ ಇಲ್ಲದ ಒಂಟಿ ಪಯಣ ಹೇಗಿದ್ದೀತೆಂದು ನಮ್ಮಂಥವರಿಗೆ ಊಹಿಸುವುದೂ ಕಷ್ಟ.) ಹಾಗಾದರೆ ಬಳ್ಳಾರಿಯೇ ಏಕೆ? ನಕ್ಷೆ ಬಿಡಿಸಿ ನೋಡಿ. ಮುಂಬೈ–ಬಳ್ಳಾರಿ ಸುಮಾರು 615 ಕಿಲೋಮೀಟರ್, ಬಳ್ಳಾರಿ–ಚೆನ್ನೈ ಸುಮಾರು 425. ಎರಡನ್ನೂ ಕೂಡಿಸಿದರೆ ನೇರ ದಾರಿಗಿಂತ ಹತ್ತು ಕಿಲೋಮೀಟರೂ ಹೆಚ್ಚಾಗದು. ಇದಕ್ಕಿಂತ ಅನುಕೂಲದ ತಂಗುದಾಣ ಬೇಕೆ?

ರೈಲಿನ ಕಥೆಯೂ ಇಂಥದ್ದೇ. 1871ರಲ್ಲಿ ಮುಂಬೈ ಕಡೆಯ ಹಳಿ ಮತ್ತು ಮದರಾಸು ಕಡೆಯ ಹಳಿ ಕೂಡಿದ್ದು ರಾಯಚೂರಿನಲ್ಲಿ. ಆದರೆ ಆಗ ರಾಯಚೂರು ನಿಜಾಮರದು, ಬಳ್ಳಾರಿ ಮದರಾಸು ಪ್ರಾಂತ್ಯದ್ದು, ಧಾರವಾಡ–ವಿಜಾಪುರ ಮುಂಬೈಯದು. ದೊಡ್ಡ ಊರುಗಳು ಒಂದಕ್ಕೊಂದು ಕೈಚಾಚಿದಾಗಲೆಲ್ಲ ಕೈಗಳು ಕೂಡಿದ್ದು ಕನ್ನಡ ನೆಲದ ಮೇಲೆ. ಅಲ್ಲಿನ ಕನ್ನಡಿಗರು ಮಾತ್ರ ಮೂರು ಕಡೆಗೆ ಹಂಚಿಹೋಗಿದ್ದರು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ, ಅದೂ ಜಗ್ಗಾಟದ ನಂತರ.

ಮಳೆಗಾಲದಲ್ಲಿ ಜುಹೂ ಮೈದಾನ ಕೆಸರುಗದ್ದೆಯಾಗುತ್ತಿತ್ತು. ಆಗ ವಿಮಾನಗಳ ಬಿಡಾರ ಪುಣೆಯ ಯರವಡಾಕ್ಕೆ. ಪುಣೆಯ ಕೇಳುಗರಿಗೆ ಇದೊಂದು ಹೆಮ್ಮೆ ಇರಲಿ!

ಮುಂದೆ ಈ ದಾರಿಗೆ ಹೈದರಾಬಾದು ಬಂತು. 1949ರ ಜನವರಿಯಲ್ಲಿ ರಾತ್ರಿ ಟಪಾಲು ಸೇವೆ ಶುರುವಾದಾಗ ಮುಂಬೈ, ದೆಹಲಿ, ಕಲ್ಕತ್ತಾ, ಮದರಾಸುಗಳಿಂದ ಹೊರಟ ವಿಮಾನಗಳು ನಡುರಾತ್ರಿ ನಾಗಪುರದಲ್ಲಿ ಸೇರಿ, ಚೀಲಗಳನ್ನು ಅದಲು ಬದಲು ಮಾಡಿಕೊಂಡು, ಬೆಳಗಾಗುವುದರೊಳಗೆ ಮರಳುತ್ತಿದ್ದವು. ಮುಂಬೈಯಲ್ಲಿ ಸಂಜೆ ಡಬ್ಬಿಗೆ ಹಾಕಿದ ಕಾಗದ ಮರುದಿನ ಮದರಾಸಿನಲ್ಲಿ! ನಾಗಪುರ ದೂರದ ಸುತ್ತು, ಆದರೂ ಬಳ್ಳಾರಿಯ ನೇರ ದಾರಿಗಿಂತ ಬೇಗ. ರಾತ್ರಿ ಹಾರಲು ಕಲಿತ ವಿಮಾನಕ್ಕೆ ತಂಗುವ ಊರಿನ ಹಂಗಿರಲಿಲ್ಲ. ಜೆಟ್ ಬಂದ ಮೇಲಂತೂ ನಡುವೆ ಇಳಿಯುವ ಮಾತೇ ಇಲ್ಲ.

ಇಂದಿನ ವಿಮಾನದ ದಾರಿ ಹವೆ ನೋಡಿಕೊಂಡು ಅಷ್ಟಿಷ್ಟು ಬದಲಾಗುವುದುಂಟು. ಆದರೂ ಮುಂಬೈ–ಚೆನ್ನೈ ನಡುವೆ ನೇರ ಗೆರೆ ಎಳೆದರೆ ಅದು ವಿಜಯಪುರದ ಹತ್ತಿರವೇ ಹಾದುಹೋಗುತ್ತದೆ. ಮುಂಬೈಯಿಂದ ಹೊರಡುವವರು ಸಾಧ್ಯವಾದರೆ ಬಲಗಡೆಯ ಕಿಟಕಿ ಕೇಳಿ ಪಡೆಯಿರಿ. ಬಳ್ಳಾರಿ ಇರುವುದು ಆ ಕಡೆಗೆ.